ಪಟ್ಟದ ನಾವೆಯ ಅಡ್ಡಗೋಡೆ

ಶಂಖಾವತಿ ರಾಜಧಾನಿಯ ಕೋಟೆಬಾಗಿಲಿನಿಂದ ನದೀಮುಖದವರೆಗೆ ಪತಾಕೆಗಳು ಹಾರುತ್ತಿದ್ದರೂ ಪುರಜನರ ಮುಖದಲ್ಲಿ ಕಳೆಯಿರಲಿಲ್ಲ. ಅರಸನನ್ನು ನುಂಗಿದ ಪಟ್ಟದ ನಾವೆಯಲ್ಲಿಯೇ ರಾಣಿ ಚೆನ್ನಲದೇವಿಯು ಮರುದಿನ ಪತಿಯ ವರ್ಷಾಂತಿಕಕ್ಕಾಗಿ ಹೊಳೆನಡುವಿನ ದೇಗುಲಕ್ಕೆ ಹೊರಡುವವಳಿದ್ದಳು.

ಮರಳಿನಿಂದ ಎತ್ತಿ ತಂದ ಆ ನಾವೆಯ ಒಡಲಲ್ಲಿ ಬಡಗಿ ಬೀರಾಚಾರಿಯು ಹೊಸ ಅಡ್ಡಗೋಡೆಯನ್ನು ಕೂರಿಸುತ್ತಿದ್ದನು. ಮುಂಭಾಗ ಒಡೆದು ನೀರು ನುಗ್ಗಿದರೂ ಅರಸರು ಕೂರುವ ಹಿಂಭಾಗವನ್ನು ಕಾಯುವ ಗೋಡೆಯದು. ಹಲಗೆಯ ಅಂಚಿಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಬಳಿದು ನಾವೆಯ ಬಾಗಿದ ಪಕ್ಕೆಗೆ ಒತ್ತಬೇಕು. ಪಕ್ಕೆಯಲ್ಲಿ ಕೆಂಪು ಮೂಡಿದಲ್ಲಿ ಹಲಗೆ ಉಬ್ಬಿದೆಯೆಂದು ತಿಳಿದು ಬಾಚಿಯಿಂದ ಕೆತ್ತಬೇಕು. ಕೆಂಪುಗೆರೆ ಎಲ್ಲಿಯೂ ತುಂಡಾಗದೆ ಮೂಡುವವರೆಗೆ ಬಿಡುವಂತಿಲ್ಲ.

ಅಣ್ಣ ಕೇತಾಚಾರಿಯೂ ಹಾಗೆಯೇ ಕೂರಿಸಿದ್ದನು. ಆದರೆ ಮಂತ್ರಿ ಮಲ್ಲಿದೇವಯ್ಯನ ಅಂಬಿಗನು ನಾವೆಯನ್ನು ಬಂಡೆಗೆ ತಾಗಿಸಿದ ದಿನ ಗೋಡೆ ಸೋರಿತು, ಅರಸ ಮುಳುಗಿದನು. ರಾಜದ್ರೋಹಿಯೆಂದು ಕೇತನನ್ನು ಶೂಲಕ್ಕೇರಿಸಿದವನೂ ಆ ಮಂತ್ರಿಯೇ. ದ್ರೋಹಿಗೆ ಎಳ್ಳುನೀರು ಬಿಡುವಂತಿಲ್ಲ. ಅಂದಿನಿಂದ ಬೀರನು ಬಾಚಿಯನ್ನು ಕೆಳಗಿಟ್ಟರೂ ಅಣ್ಣನ ಬಾಚಿಯ ಸದ್ದು ನಿಲ್ಲುತ್ತಿರಲಿಲ್ಲ. ಪಾಪದ ಜೀವ, ಎಲ್ಲಿಗೆ ಹೋದೀತು?

ಪಕ್ಕೆಯ ಪಾಚಿ ಹೆರೆದಾಗ ಅಣ್ಣನ ಕೆಂಪುಗೆರೆ ಕಂಡಿತು. ಎಲ್ಲಿಯೂ ತುಂಡಾಗಿರಲಿಲ್ಲ. "ಅಣ್ಣಾ, ನಿನ್ನ ಕೈ ತಪ್ಪಿರಲಿಲ್ಲವಲ್ಲೋ!" ಎಂದು ಬೀರನು ಗಳಗಳನೆ ಅತ್ತನು. ಅಂದು ಅಣ್ಣನ ಗೋಡೆ ಮುಗಿದ ಮೇಲೆ ನಾವೆಯ ಕಾವಲು ಮಂತ್ರಿಯದಾಗಿತ್ತು. ಈ ಸಲವೂ ಅವನದೇ.

ಮರುದಿನ ಬೆಳಗ್ಗೆ ಬೀರನು ರಾಣಿಗೆ ಕೈಮುಗಿದನು. "ಮಹಾದೇವೀ, ಮುಂಭಾಗಕ್ಕೆ ನೀರು ತುಂಬಿಸಿ, ಕಟ್ಟಿದವನು ದೀಪ ಹಿಡಿದು ಗೋಡೆಯ ಹಿಂದೆ ಕೂರುವುದು ನಮ್ಮ ಕುಲದ ಪದ್ಧತಿ. ನಿನ್ನೆ ಕೂತಿದ್ದೆ, ಹನಿ ನೀರು ಬರಲಿಲ್ಲ. ಇಂದು ಮತ್ತೊಮ್ಮೆ ಕೂರುವೆನು. ಕಾವಲಿದ್ದ ಮಂತ್ರಿಗಳೂ ಜೊತೆಗಿರಲೆಂದು ಅಪ್ಪಣೆಯಾಗಬೇಕು."

"ಬಡಗಿಯೊಡನೆ ನಾನೇ?" ಎಂದು ಮಂತ್ರಿ ನಕ್ಕನು.

"ನಮ್ಮ ಪ್ರಾಣಕ್ಕೆ ಕಾವಲು ನೀವೇ ಅಲ್ಲವೇ, ಮಂತ್ರಿಗಳೇ?" ಎಂದಳು ರಾಣಿ. ಉಗುಳುವಂತಿಲ್ಲ, ನುಂಗುವಂತಿಲ್ಲ, ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದವನು ನಾವೆಯ ಒಡಲಿಗೆ ಇಳಿದನು.

ಮುಚ್ಚಳ ಬಿದ್ದಿತು. ಗೋಡೆಯಾಚೆ ಕೊಡಗಟ್ಟಲೆ ನೀರು ಸುರಿಯತೊಡಗಿತು. ಮಂತ್ರಿಯ ದೃಷ್ಟಿ ಎಡಗಡೆಯ ಕೆಳಮೂಲೆಯನ್ನು ಬಿಟ್ಟು ಕದಲಲಿಲ್ಲ. "ಯಾರದು, ಕೆತ್ತುತ್ತಿರುವುದು?" ಎಂದು ಪಿಸುಗುಟ್ಟಿದನು. ಬೀರನ ಎರಡು ಕೈಗಳೂ ದೀಪ ಹಿಡಿದಿದ್ದವು.

"ತೆಗೆಯಿರಿ! ತೂತಿಗೆ ಮೆತ್ತಿದ ಅರಗು ನಿಲ್ಲದು! ತೆಗೆಯಿರೋ!"

ಮಂತ್ರಿಯ ಆ ಅರಚಾಟ ದಂಡೆಯ ಮೇಲಿದ್ದ ರಾಣಿಗೂ ಕೇಳಿಸಿತು. ತೂತಿನ ಮಾತನ್ನು ಅದುವರೆಗೆ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳನು ತಾನಾಗಿಯೇ ಹೆಗಲು ಮುಟ್ಟಿಕೊಂಡಿದ್ದನು. ಭಟರು ಅವನನ್ನು ಎಳೆದೊಯ್ದರು.

"ಏನು ಬೇಕು ಕೇಳು, ಆಚಾರಿ."

"ಅಣ್ಣನಿಗೆ ಎಳ್ಳುನೀರು ಬಿಡಲು ಅಪ್ಪಣೆ, ತಾಯೀ."

ರಾಣಿಯ ಕಣ್ಣು ತುಂಬಿತು. "ನಮ್ಮ ಸ್ವಾಮಿಗೆ ಬಿಡುವ ಕಡೆಯಲ್ಲಿಯೇ ಬಿಡು," ಎಂದಳು.

ಬೊಗಸೆಯ ಎಳ್ಳುನೀರು ಹೊಳೆಗೆ ಬಿದ್ದೊಡನೆ ಬಾಚಿಯ ಸದ್ದು ನಿಂತುಹೋಯಿತು. ವರ್ಷವಿಡೀ ಅದು ನಿಲ್ಲಲೆಂದು ಹಂಬಲಿಸಿದ್ದ ಬೀರನು ಬಹಳ ಹೊತ್ತು ಕಿವಿಗೊಟ್ಟು ಕಾದನು. ಆಮೇಲೆ ನಾವೆಯ ಪಕ್ಕೆಗೆ ಹಣೆಯೊತ್ತಿ, "ಇನ್ನೊಂದೇ ಒಂದು ಏಟು, ಅಣ್ಣಾ," ಎಂದು ಬಿಕ್ಕಿದನು.