ಎರಡನೇ ಸ್ಲಾಟ್

ಇದು ಹಾಡುಹಗಲಿನಲ್ಲೇ, ಅಜ್ಜಂಪುರದ ನಮ್ಮ ನಡುಮನೆಯಲ್ಲಿ ನಡೆದದ್ದು. ಕಂಪ್ಯೂಟರ್ ಜೋಡಿಸಬೇಕೆಂದು ಭಾಗಗಳನ್ನೆಲ್ಲ ಕೊಂಡಿಟ್ಟಿದ್ದ ನನ್ನ ತಮ್ಮ ಅಶ್ಫಾಕ್, ಡಬ್ಬ ಬಿಚ್ಚುವ ಮೊದಲೇ ಜ್ವರದಲ್ಲಿ ತೀರಿಕೊಂಡ. ಅವನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ತರೀಕೆರೆಯಿಂದ ಗೆಳತಿ ಅಶ್ವಿನಿಯನ್ನು ಕರೆಸಿಕೊಂಡು ನಾನೇ ಜೋಡಿಸಲು ಕೂತೆ.

ಎಂಟೆಂಟು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು, ಅವನ್ನು ಕೂರಿಸಲು ಬೋರ್ಡಿನಲ್ಲಿ ಎರಡು ಸ್ಲಾಟ್ ಇದ್ದವು. ಒಂದು ಟಕ್ಕೆಂದು ಕೂತಿತು. ಇನ್ನೊಂದು ಎಷ್ಟು ಒತ್ತಿದರೂ ಇಳಿಯಲಿಲ್ಲ.

"ತಿರುಗಿಸಿ ಹಾಕೇ ಮುಸರತ್, ಉಲ್ಟಾ ಹಿಡ್ದಿದ್ದೀಯೇನೋ," ಎಂದಳು ಅಶ್ವಿನಿ.

ಸರಿಯಾಗಿಯೇ ಹಿಡಿದಿದ್ದೆ. ಟಾರ್ಚ್ ಹಾಕಿ ನೋಡಿದರೆ ಸ್ಲಾಟ್ ಖಾಲಿ. ಕಸವಿದೆಯೇನೋ ಎಂದು ಬೆರಳಿಟ್ಟೆ. ಕಣ್ಣಿಗೆ ಕಾಣದ ತೆಳುವಾದ ಅಂಚೊಂದು ತಾಗಿತು, ಬಾವಿನೀರಿನಷ್ಟು ತಣ್ಣಗೆ. ಅಶ್ವಿನಿಯೂ ಮುಟ್ಟಿದಳು.

"ಇಲ್ಲಿ ಏನೋ ಐತೆ ಕಣೇ," ಎಂದಳು ಮೆಲ್ಲಗೆ.

ಅವಳು ಬೆರಳು ತೆಗೆದದ್ದೇ ತಡ, ಸ್ಲಾಟಿನ ಕೊಕ್ಕೆ ತಾನಾಗಿಯೇ ಟಕ್ಕೆಂದು ಮುಚ್ಚಿಕೊಂಡಿತು.

ಹೆದರಿಕೆಗಿಂತ ನೋಡಿಯೇಬಿಡೋಣ ಎನ್ನುವ ಕುತೂಹಲ ಹೆಚ್ಚಾಯಿತು. ಒಂದೇ ರ‍್ಯಾಮಿನಲ್ಲಿ ಸ್ವಿಚ್ ಹಾಕಿದೆ. ತೆರೆಯ ಮೇಲೆ ಹದಿನಾರು ಜಿಬಿ ಎಂದು ಬಂತು.

"ಒಂದೇ ಅಲ್ವೇನೇ ನೀನು ಹಾಕಿದ್ದು?"

ಉಳಿದದ್ದನ್ನು ಅವಳ ಅಂಗೈಯಲ್ಲಿಟ್ಟು ತೋರಿಸಿದೆ.

ಅದನ್ನು ಅವಳಿಗೇ ಕೊಟ್ಟುಬಿಟ್ಟೆ. ತರೀಕೆರೆಯ ಅವಳ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಮೊನ್ನೆ ಒಳಗಿನ ಫ್ಯಾನ್ ಸರಿಮಾಡಲೆಂದು ನಮ್ಮ ಕಂಪ್ಯೂಟರ್ ಬಿಚ್ಚಿದ ರಿಪೇರಿ ಅಂಗಡಿಯ ಓಂಕಾರೇಶ್, "ಎರಡನೇದು ಖಾಲಿ ಐತಲ್ಲಕ್ಕಾ, ಇನ್ನೊಂದು ಹಾಕ್ಲಾ?" ಎಂದು ಕೇಳಿದರು. ಬೇಡವೆಂದೆ. ಮುಚ್ಚಿ ಸ್ವಿಚ್ ಹಾಕಿದರೆ ಇವತ್ತಿಗೂ ಹದಿನಾರೇ ತೋರಿಸುತ್ತದೆ.