ಹೆಗ್ಡೆ ವಿರುದ್ಧ ಹೆಗ್ಡೆ

"ನನ್ನ ಪಾರ್ಸೆಲ್ ಒಡೆದದ್ದು ಯಾರು?"

ಕೋಲ್ಕತ್ತಾದ ಸೆಕ್ಟರ್ ಫೈವ್‌ನಲ್ಲಿದ್ದ ಆ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿನಲ್ಲಿ ಅಷ್ಟೂ ತಲೆಗಳು ಒಮ್ಮೆಗೇ ತಿರುಗಿದವು. ನಿಹಾರಿಕಾ ಕೂಗಿದ್ದು ಕನ್ನಡದಲ್ಲಿ. ಸಿಟ್ಟು ಬಂದರೆ ಅವಳಿಗೆ ಬೇರೆ ಯಾವ ಭಾಷೆಯೂ ನೆನಪಾಗುತ್ತಿರಲಿಲ್ಲ.

ಮೂಲೆಯ ಮೇಜಿನಲ್ಲಿ ಒಬ್ಬ ಮಾತ್ರ ತಲೆ ತಗ್ಗಿಸಿದ. ಅವನ ಕೈಯಲ್ಲಿ ಅರ್ಧ ಕಡಿದ ಹಲಸಿನ ಹಪ್ಪಳ!

"ಅದು... ಡಬ್ಬದ ಮೇಲೆ ಬರೀ ಹೆಗ್ಡೆ ಅಂತ ಇತ್ತು," ಎಂದ, ಅದೂ ಕನ್ನಡದಲ್ಲೇ. "ನಾನೂ ಹೆಗ್ಡೆ. ಭರತೇಶ ಹೆಗ್ಡೆ, ಕಾರ್ಕಳ."

"ಕಾರ್ಕಳದವರಿಗೆ ಕುಂದಾಪುರದ ಹಪ್ಪಳ ಎಂತಕ್ಕೆ ಮಾರಾಯ್ರೆ? ನಮ್ಮ ಅಮ್ಮನ ಕೈಬರಹ ನೋಡಿದ್ರೆ ಗೊತ್ತಾಗುದಿಲ್ವಾ?"

"ನಿಮ್ಮ ಅಮ್ಮನ ಕೈಬರಹ ನನಗೆ ಹೇಗೆ ಗೊತ್ತಿರ್ತದೆ?" ಅವನು ಹಪ್ಪಳದ ಕಡೆ ನೋಡಿದ. "ಕೈರುಚಿ ಮಾತ್ರ ಈಗ ಗೊತ್ತಾಯ್ತು."

ನಗಬಾರದು ಅಂದುಕೊಂಡಳು. ಆದರೆ ನಕ್ಕುಬಿಟ್ಟಳು.

ಅದು ಎರಡು ಸಾವಿರದ ನಾಲ್ಕನೆಯ ಇಸವಿಯ ಜುಲೈ. ಬೆಂಗಳೂರಿನಿಂದ ಬಂದು ಹದಿನೈದು ದಿನವಾದರೂ ಅವಳಿಗೆ ಬಾಡಿಗೆ ಮನೆ ಸಿಕ್ಕಿರಲಿಲ್ಲ. ಒಂಟಿ ಹುಡುಗಿ ಎಂದೊಡನೆ ಬಾಗಿಲು ಅರ್ಧಕ್ಕೇ ಮುಚ್ಚಿಕೊಳ್ಳುತ್ತಿತ್ತು. ಹನ್ನೊಂದು ಮನೆ ನೋಡಿ ಸೋತವಳ ಜೊತೆ ಹನ್ನೆರಡನೆಯದಕ್ಕೆ ಭರತೇಶನೂ ಬಂದ.

ಬೆಹಾಲಾದ ಆ ಹಳೆಯ ಮನೆಯ ಒಡತಿ ಸುಲೋಚನಾ, ಐವತ್ತು ದಾಟಿದ ಬಂಗಾಳಿ ವಿಧವೆ. ಇಬ್ಬರ ಆಫೀಸಿನ ಕಾರ್ಡುಗಳನ್ನೂ ಕನ್ನಡಕದ ಹತ್ತಿರಕ್ಕೆ ಹಿಡಿದು ಓದಿದರು.

"ಇವಳೂ ಹೆಗ್ಡೆ, ಇವನೂ ಹೆಗ್ಡೆ. ಅಣ್ಣ ತಂಗಿಯರಾ?" ಹಿಂದಿಯಲ್ಲಿ ಕೇಳಿದರು.

ಹೆಗಲ ಮೇಲಿನ ಚೀಲ ಭಾರವಾಗಿತ್ತು. ಕಾಲು ಸೋತಿತ್ತು. ನಿಹಾರಿಕಾ ಯೋಚನೆಯನ್ನೇ ಮಾಡಲಿಲ್ಲ. "ಹೌದು ಮಾಶಿಮಾ, ನಮ್ಮಣ್ಣ!" ಹಿರಿಯ ಹೆಂಗಸರನ್ನು ಇಲ್ಲಿ ಹಾಗೆ, ಚಿಕ್ಕಮ್ಮ ಎಂದು, ಕರೆಯುವುದನ್ನು ಅವಳು ಆಗಲೇ ಕಲಿತಿದ್ದಳು.

ಭರತೇಶ ಒಮ್ಮೆ ಅವಳತ್ತ ನೋಡಿದ. ಅವಳ ಚೀಲ ತನ್ನ ಹೆಗಲಿಗೇರಿಸಿಕೊಂಡ. ಕೀಲಿ ಅವಳ ಕೈಗೆ ಬಂತು.

ನಿಜಕ್ಕೂ ಅವರ ನಡುವೆ ಹೆಸರೊಂದನ್ನು ಬಿಟ್ಟರೆ ಯಾವ ನಂಟೂ ಇರಲಿಲ್ಲ. ಅವನು ಜೈನರವನು, ಇವಳು ಬಂಟರ ಹುಡುಗಿ. ಆದರೆ ಪ್ರತಿ ಭಾನುವಾರ ಅವನು 'ಅಣ್ಣ'ನಾಗಿ ಬರಲೇಬೇಕಾಯಿತು. ಮಾಶಿಮಾ ಊಟಕ್ಕೆ ಕರೆಯುತ್ತಿದ್ದರು. ಉಂಡ ಮೇಲೆ ಅವನು ಜೇಬಿನಿಂದ ಚಿಕ್ಕ ಪುಸ್ತಕವೊಂದನ್ನು ತೆಗೆಯುತ್ತಿದ್ದ. ಕಣ್ಣಿಗೆ ಬಿದ್ದ ಹೆಗ್ಡೆಗಳನ್ನೆಲ್ಲ ಅದರಲ್ಲಿ ಬರೆದಿಡುವುದು ಅವನ ಹುಚ್ಚು.

"ನಮ್ಮೂರ ಬಸದಿ ಎದುರಿನ ಶಾಸನದಲ್ಲಿ ಒಬ್ಬ ಹೆಗ್ಗಡೆ ಉಂಟು, ಕೆರೆ ಕಟ್ಟಿಸಿದವ. ಅಜ್ಜಿ ಹೇಳ್ತಿದ್ದ ಕಥೆಯಲ್ಲಿ ಇನ್ನೊಬ್ಬ, ಭೂತಕ್ಕೆ ಕೊಟ್ಟ ಮಾತು ತಪ್ಪಿ ಕುರುಡಾದವ. ಮತ್ತೆ ನಮ್ಮ ಅಜ್ಜನ ಗದ್ದೆ ಕೇಸು. ವಾದಿ ಹೆಗ್ಡೆ, ಪ್ರತಿವಾದಿ ಹೆಗ್ಡೆ, ವಕೀಲರೂ ಹೆಗ್ಡೆ! ಹೆಗ್ಡೆ ವಿರುದ್ಧ ಹೆಗ್ಡೆ, ಇಪ್ಪತ್ತೆರಡು ವರ್ಷ ನಡೀತು."

"ನಾನು ಯಾವ ಪುಟದಲ್ಲಿ ಇದ್ದೇನೆ?" ಒಮ್ಮೆ ಕೇಳಿಯೇಬಿಟ್ಟಳು.

ಅವನು ಪುಸ್ತಕ ಮುಚ್ಚಿದ. "ನಿಮ್ಮದು... ಇನ್ನೂ ಬರ್ದಿಲ್ಲ."

ಯಾಕೆ ಬರೆದಿಲ್ಲ? ತಂಗಿಯೆಂದು ಹೇಳಿಕೊಂಡವಳನ್ನು ಎಲ್ಲಿ ಅಂತ ಬರೆಯುವುದು? ಆ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಭಾನುವಾರ ಬರಲಿ ಎಂದು ಸೋಮವಾರದಿಂದಲೇ ಕಾಯುವ ಹುಡುಗಿ ಎಂಥ ತಂಗಿ!

ಕಾಳಿ ಪೂಜೆ ಮುಗಿದ ಮರುದಿನ ಮಾಶಿಮಾ ಸಂಭ್ರಮದಿಂದ ಬಂದರು. "ನಾಡಿದ್ದು ಭಾಯಿ ಫೋಂಟಾ. ನಿಮ್ಮ ಕಡೆ ಇದೆಯೋ ಇಲ್ಲವೋ, ನನ್ನ ಮನೆಯಲ್ಲಿ ಆಗಲೇಬೇಕು. ತಂಗಿ ಉಪವಾಸವಿದ್ದು ಅಣ್ಣನ ಹಣೆಗೆ ಗಂಧದ ಬೊಟ್ಟು ಇಡಬೇಕು. ಆಗ ಯಮನ ಬಾಗಿಲಿಗೆ ಮುಳ್ಳು ಬೀಳುತ್ತದೆ." ಅವರ ದನಿ ತಗ್ಗಿತು. "ಬಾರಾನಗರದ ನನ್ನ ತಮ್ಮ ತೀರಿಹೋದ ಮೇಲೆ ಎರಡು ವರ್ಷದಿಂದ ಈ ಮನೆಯಲ್ಲಿ ಆಸನ ಹಾಸಿಲ್ಲ, ಮಗಳೇ..."

ನಿಹಾರಿಕಾ ಸಿಕ್ಕಿಬಿದ್ದಿದ್ದಳು. ಬೊಟ್ಟಿಟ್ಟರೆ ಅವನು ದೇವರ ಎದುರು ಅಣ್ಣನಾಗುತ್ತಾನೆ. ಇಡದಿದ್ದರೆ ಸುಳ್ಳು ಹೊರಬೀಳುತ್ತದೆ, ಮನೆ ಹೋಗುತ್ತದೆ, ಈ ತಾಯಿಯಂಥವರ ಮನಸ್ಸು ಒಡೆಯುತ್ತದೆ.

ಅವನಾದರೂ ಒಲ್ಲೆ ಎನ್ನಲಿ ಎಂದು ಫೋನ್ ಮಾಡಿದಳು.

"ಬರ್ಲೇಬೇಕು ಅಂತ ಇಲ್ಲ. ಆಫೀಸಿನ ಕೆಲಸ ಇದ್ರೆ..."

"ಬರ್ತೇನೆ. ನಾನು ಬಾರದಿದ್ರೆ ನಿಮ್ಮ ರೂಮು ಹೋಗ್ತದಲ್ಲ."

"ಅಷ್ಟೇನಾ?"

"ಅಣ್ಣ ಅಂದದ್ದು ನೀವೇ ಅಲ್ವಾ ನಿಹಾರಿಕಾ?"

ಫೋನ್ ಇಟ್ಟವಳ ಕಣ್ಣು ತುಂಬಿತು. ಹೌದು, ಅಂದದ್ದು ನಾನೇ... ಅವರಿಗೆ ಬೇಜಾರೂ ಇಲ್ಲ!

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಭರತೇಶ ಬಿಳಿ ಜುಬ್ಬಾ ತೊಟ್ಟು ಬಂದು ಕಸೂತಿಯ ಆಸನದ ಮೇಲೆ ಕುಳಿತ. ಎದುರಿಗೆ ದೀಪ, ಗರಿಕೆ, ಗಂಧದ ಬಟ್ಟಲು, ತಟ್ಟೆ ತುಂಬ ಸಂದೇಶ್ ಮಿಠಾಯಿ. ಮಾಶಿಮಾ ಶಂಖ ಊದಿದರು.

"ಎಡಗೈಯ ಕಿರುಬೆರಳು. ಇಡು ಮಗಳೇ."

ಗಂಧದಲ್ಲಿ ಅದ್ದಿದ ಬೆರಳು ಅವನ ಹಣೆಯತ್ತ ಸಾಗಿತು. ಇನ್ನು ಒಂದು ಗೇಣು... ಇನ್ನು ನಾಲ್ಕು ಬೆರಳು... ಅವನು ಕಣ್ಣು ಮುಚ್ಚಿದ್ದ. ಕೊರಳಿನ ನರ ಹೊಡೆದುಕೊಳ್ಳುತ್ತಿತ್ತು. ಜುಬ್ಬಾದ ತೋಳಿನ ತುದಿಯಲ್ಲಿ ಹಳದಿ ಕಲೆಯೊಂದು ಇನ್ನೂ ಹಸಿಯಾಗಿತ್ತು.

ಅವಳ ಕೈ ನಿಂತುಬಿಟ್ಟಿತು.

"ಆಗುದಿಲ್ಲ... ನನ್ನಿಂದ ಆಗುದಿಲ್ಲ!" ಆಮೇಲೆ ಎಚ್ಚೆತ್ತು, ಮುರುಕು ಹಿಂದಿಯಲ್ಲಿ ಅಳುತ್ತಲೇ ಹೇಳಿದಳು. "ಮಾಶಿಮಾ, ಇವರು ನನ್ನ ಅಣ್ಣ ಅಲ್ಲ. ಹೆಸರು ಮಾತ್ರ ಒಂದೇ. ಮನೆಗೋಸ್ಕರ ಸುಳ್ಳು ಹೇಳಿದೆ. ಇವತ್ತೇ ಖಾಲಿ ಮಾಡ್ತೇನೆ. ಆದರೆ ಈ ಬೊಟ್ಟು... ಇವರಿಗೆ ಮಾತ್ರ ಇಡಲಾರೆ!"

ಮಾಶಿಮಾರ ಮುಖ ಕೆಂಪೇರಿತು. "ನಾಲ್ಕು ತಿಂಗಳು! ನನ್ನ ಕೈಯಲ್ಲೇ ಉಂಡು ನನಗೇ ಸುಳ್ಳು!"

ಭರತೇಶ ಮೆಲ್ಲನೆ ಕಣ್ಣು ತೆರೆದ. "ಮಾಶಿಮಾ, ತಪ್ಪು ನನ್ನದೂ ಉಂಟು. ನಾನು ಉಪವಾಸ ಇಲ್ಲ. ಬರುವಾಗ ಚೌರಸ್ತಾದಲ್ಲಿ ನಾಲ್ಕು ಕಚೋರಿ, ಬೇಳೆಸಾರು ಹೊಡೆದು ಬಂದೆ."

"ಯಾಕೆ?"

"ಉಪವಾಸ ಮುರಿದವನಿಗೆ ಫೋಂಟಾ ಇಟ್ಟರೂ ಸಲ್ಲುದಿಲ್ಲ ಅಂತ ಆಫೀಸಿನ ಬಂಗಾಳಿ ಗೆಳೆಯರು ಹೇಳಿದ್ರು. ಇವರು ಬೊಟ್ಟಿಟ್ಟರೂ ನಾನು ಅಣ್ಣ ಆಗಬಾರದು ಅಂತ..."

ನಿಹಾರಿಕಾ ಆ ಹಳದಿ ಕಲೆಯನ್ನೇ ನೋಡುತ್ತ ನಿಂತಳು. ಮಾಶಿಮಾ ಇಬ್ಬರನ್ನೂ ದುರುಗುಟ್ಟಿ ನೋಡಿದರು. ದೀಪದ ಬತ್ತಿ ಚಟಪಟ ಅಂದಿತು.

"ತೇಯ್ದ ಗಂಧ ಏನು ಮಾಡಲಿ? ಹಾಸಿದ ಆಸನ ಬರಿದಾಗಿ ಎತ್ತಲಾರೆ." ನೆಲಕ್ಕೆ ಕೈಯೂರಿ ದಪ್ಪ ದೇಹವನ್ನು ಇಳಿಸಿ ಅವನೆದುರು ಕೂತರು. "ತಲೆ ಬಗ್ಗಿಸೋ ಹೊಟ್ಟೆಬಾಕ!"

"ಆದರೆ ನಾನು ತಿಂದು..."

"ಆ ಲೆಕ್ಕ ನಿನ್ನ ಗೆಳೆಯರದ್ದು. ಅಕ್ಕ ನಾನು. ನಾನು ಇಟ್ಟರೆ ಸಲ್ಲುತ್ತದೆ." ಅವರ ಕಿರುಬೆರಳು ಅವನ ಹಣೆ ಮುಟ್ಟಿತು. ಎರಡು ವರ್ಷದ ಮೇಲೆ ಆ ಮನೆಯ ಆಸನದಲ್ಲಿ ಒಬ್ಬ ತಮ್ಮ ಕೂತಿದ್ದ. "ಇನ್ನು ಮಾಶಿಮಾ ಅಲ್ಲ, ದೀದಿ ಅನ್ನು."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಿಹಾರಿಕಾಳತ್ತ ತಿರುಗಿದರು. "ನೀನು ಯಾಕೆ ಅಳ್ತಾ ನಿಂತಿದ್ದೀ? ಇವನು ನನ್ನ ತಮ್ಮನಾದರೆ ನೀನು ನನಗೆ ಏನಾಗಬೇಕು, ನೀವಿಬ್ಬರೇ ಮಾತಾಡಿ ಹೇಳಿ. ಅಲ್ಲಿಯವರೆಗೆ ಭಾನುವಾರ ಬಾಗಿಲು ತೆರೆದಿರಲಿ. ರೂಮು ಎಲ್ಲೂ ಹೋಗುವುದಿಲ್ಲ."

ಅವನನ್ನು ಕಳಿಸಲು ನಿಹಾರಿಕಾ ಟ್ರಾಮಿನ ನಿಲ್ದಾಣದವರೆಗೆ ಜೊತೆಗೆ ನಡೆದಳು. ಅವನ ಹಣೆಯ ಗಂಧ ಬಿಸಿಲಿಗೆ ಒಣಗಿ ಬಿರಿದಿತ್ತು.

"ಫೋನಿನಲ್ಲಿ ಯಾಕೆ ಹೇಳ್ಲಿಲ್ಲ?" ಎಂದಳು.

"ನೀನು ಅಣ್ಣ ಅಂದದ್ದು ಮನಸ್ಸಿನಿಂದಲಾ, ಬರೀ ರೂಮಿಗಾ ಅಂತ ಗೊತ್ತಿರ್ಲಿಲ್ಲ. ಕೇಳ್ಲಿಕ್ಕೆ ಹೆದರಿಕೆ ಆಯ್ತು."

'ನೀವು' ಹೋಗಿ 'ನೀನು' ಬಂದಿತ್ತು. ಅವಳು ಗಮನಿಸಿದಳು, ಗಮನಿಸದಂತೆ ನಡೆದಳು.

ಅವನು ಜೇಬಿನ ಪುಸ್ತಕ ತೆರೆದು ಕೊಟ್ಟ. ಕೊನೆಯ ಪುಟ. ಜುಲೈ ತಿಂಗಳ ತಾರೀಕು. ಹಪ್ಪಳ ತಿಂದ ದಿನದ್ದೇ! ಅದರ ಕೆಳಗೆ 'ಹೆಗ್ಡೆ ವಿರುದ್ಧ ಹೆಗ್ಡೆ' ಎಂದು ಬರೆದು, ನಡುವಿನ ಪದಕ್ಕೆ ಅಡ್ಡಗೆರೆ ಎಳೆದಿತ್ತು.

"ಬರ್ದಿಲ್ಲ ಅಂತ ಸುಳ್ಳು ಹೇಳಿದ್ರಿ."

"ನಮ್ಮಲ್ಲಿ ಒಬ್ಬಳೇ ಸುಳ್ಳು ಹೇಳ್ಬೇಕಾ?"

ದೂರದಲ್ಲಿ ಟ್ರಾಮಿನ ಗಂಟೆ ಕೇಳಿಸಿತು. ಅವಳು ಪುಸ್ತಕ ಹಿಂದೆ ಕೊಡಲಿಲ್ಲ.

"ನಿಮ್ಮ ಅಜ್ಜನ ಕೇಸು ಇಪ್ಪತ್ತೆರಡು ವರ್ಷ ಅಂದ್ರಲ್ಲ. ನಮ್ಮದು?"

"ಅದಕ್ಕಿಂತ ಜಾಸ್ತಿ ನಡೀಲಿ."

"ಮತ್ತೆ ತೀರ್ಪು?"

"ಬೇಡ," ಎಂದ ಭರತೇಶ, ಅವಳ ಕೈ ಹಿಡಿದು. "ಬರೀ ಮುಂದಿನ ತಾರೀಕು ಕೊಡ್ತಾ ಇರು."