ಜೋಳದ ಹೊಲದಲ್ಲಿ ಕೊನೆಯ ಟ್ರ್ಯಾಕ್

ಕೊಣನೂರು ಬಿಡುವಾಗಲೇ ಫೋನಿನ ಚಾರ್ಜು ಮುಗಿದಿತ್ತು. ಆದರೂ ಸಂಹಿತಾಳ ಕಿವಿಗೆ ಆ ಕೂಗು ಬಿತ್ತು.

“ಓ… ಓಯ್! ಯಾವನ್ಲಾ ಅದು? ಬಂದೆ, ಇರು!”

ಅವಳು ಇಯರ್‌ಫೋನ್ ಕಿತ್ತಳು. ಕೂಗು ನಿಲ್ಲಲಿಲ್ಲ. ಕೊನೆಗೊಂದು ಕೆಮ್ಮು. ಆ ಕೆಮ್ಮು ಅವಳಿಗೆ ಬಾಯಿಪಾಠವಾಗಿತ್ತು.

ಬಸ್ಸು ಪಂಕ್ಚರಾಗಿ ರಸ್ತೆಬದಿಗೆ ನಿಂತಿತ್ತು. ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ. ಹೊತ್ತು ಮುಳುಗಿ, ಎಲೆಗಳ ಹಸಿರು ಕಪ್ಪಾಗುತ್ತಿತ್ತು. ಜನ ಚಕ್ರದ ಸುತ್ತ ನಿಂತು ಕಂಡಕ್ಟರಿಗೆ ಬುದ್ಧಿ ಹೇಳುತ್ತಿದ್ದರು. ಆ ಕೂಗಿಗೆ ಯಾರೂ ತಲೆ ಎತ್ತಲಿಲ್ಲ.

ಆ ಕೂಗು ಅವಳು ಹಾಡಿನಲ್ಲಿ ಕೇಳಿದ್ದು. ಹಾಸನದ ಹುಡುಗರ ಬ್ಯಾಂಡು, ‘ಮೂರನೇ ಫೇಸ್’. ಎರಡೇ ಆಲ್ಬಮ್ ಮಾಡಿ ಒಡೆದುಹೋಯಿತು. ಮೊದಲನೆಯ ‘ಲೋ ವೋಲ್ಟೇಜ್’ ಆಲೂಗಡ್ಡೆ ಗೋಡೌನಿನಲ್ಲಿ ರೆಕಾರ್ಡ್ ಆದದ್ದು, ಬರೀ ಸಿಟ್ಟು. ಎರಡನೆಯ ‘ಬೆಳೆ ಕಾವಲು’ ಬೇರೆಯೇ. ಅದರಲ್ಲಿ ಗಿಟಾರು ಕೂಗುವುದಿಲ್ಲ, ಕಾಯುತ್ತದೆ. ಕೊನೆಯ ಟ್ರ್ಯಾಕಿನಲ್ಲಿ ವಾದ್ಯಗಳೆಲ್ಲ ಒಂದೊಂದಾಗಿ ಎದ್ದುಹೋಗಿ, ಗಿಟಾರಿನ ಒಂದು ತಂತಿ ಮಾತ್ರ ಗುಂಯ್‌ಗುಡುತ್ತಿರುವಾಗ ಎಲ್ಲೋ ದೂರದಿಂದ ಒಬ್ಬ ಮನುಷ್ಯ ಕೂಗುತ್ತಾನೆ. ಅದು ಯಾರೆಂದು ಬ್ಯಾಂಡಿನವರು ಎಲ್ಲೂ ಹೇಳಲಿಲ್ಲ. ಅಭಿಮಾನಿಗಳ ಗ್ರೂಪಿನಲ್ಲಿ ಅದರದೇ ಜಗಳ. ಸಂಹಿತಾ ಜಗಳಕ್ಕೆ ಹೋದವಳಲ್ಲ. ಡಿಗ್ರಿ ಓದುವಾಗ, ಮನೆಯಲ್ಲಿ ಯಾರೂ ಮಾತಿಗೆ ಸಿಗದ ಸಂಜೆಗಳಲ್ಲಿ, ‘ಬಂದೆ, ಇರು’ ಎನ್ನುವ ಆ ದನಿ ತನಗಾಗಿಯೇ ಬರುತ್ತಿದೆ ಎಂದುಕೊಂಡಿದ್ದಳು.

ಅವಳು ಬದುವಿನ ಮೇಲೆ ನಡೆದಳು.

ಹೊಲದ ನಡುವೆ ಯಾರೂ ಇರಲಿಲ್ಲ. ಕೂಗು ಅಲ್ಲೇ, ಎದೆಯ ಎತ್ತರದಿಂದ ಬಂತು. ಅದೇ ಉಸಿರು. ಅದೇ ಕೆಮ್ಮು.

“ಏನ್ ಬೇಕಿತ್ತು?”

ಬೆನ್ನ ಹಿಂದಿನಿಂದ ಅದೇ ದನಿ!

ಅವಳು ಕಿರುಚಿದಳು. ಟಾರ್ಚ್ ಹಿಡಿದು ನಿಂತಿದ್ದ ಯುವಕ ಅವಳಿಗಿಂತ ಹೆಚ್ಚು ಹೆದರಿದ್ದ.

“ಮೆತ್ತಗೆ ಮೇಡಂ! ಹಂದಿ ಓಡ್ಸಾಕೆ ಮೈಕ್ ಇಟ್ಟಿದೀವಿ, ನೀವೇ ಸಾಕು ಅನ್ನಂಗೆ ಕೂಗ್ತೀರಲ್ಲ.”

ಅವನ ಹೆಸರು ಶಶಿಕಿರಣ್. ಟಾರ್ಚಿನ ಬೆಳಕು ಗೂಟಕ್ಕೆ ಕಟ್ಟಿದ್ದ ಕೈಮೈಕಿನ ಮೇಲೆ ಬಿತ್ತು. ಒಮ್ಮೆ ಕೂಗಿ ತುಂಬಿಸಿಟ್ಟರೆ ಅದನ್ನೇ ಕೂಗುತ್ತಿರುತ್ತದೆ. ಕಾಡುಹಂದಿ ಮನುಷ್ಯನಿದ್ದಾನೆಂದು ಆಚೆ ಹೋಗುತ್ತದೆ.

“ಇದು ಯಾರ ವಾಯ್ಸು?”

“ನಮ್ಮಪ್ಪಂದು. ತಿಮ್ಮಪ್ಪ ಅಂತ.”

“ಅವರನ್ನ ನಾನು ನೋಡ್ಬೇಕಲ್ಲ.”

ಅವನು ಟಾರ್ಚನ್ನು ಹೊಲದ ಮೂಲೆಗೆ ತಿರುಗಿಸಿದ. ಸುಣ್ಣ ಬಳಿದ ಗದ್ದಿಗೆ ಬೆಳ್ಳಗೆ ಕಂಡಿತು. “ಅಲ್ಲಿ ಅವ್ರೆ. ಓದ್ವರ್ಷ ಓಗ್ಬುಟ್ರು. ಕಾವಲು ಮಾತ್ರ ಬಿಟ್ಟಿಲ್ಲ.”

ಅಷ್ಟರಲ್ಲಿ ಮನೆಯ ಕಡೆಯಿಂದ ಹೆಂಗಸಿನ ದನಿ: “ಸಾಕು ಬನ್ನಿ, ಉಣ್ಣಾಕೆ!”

“ನಿಮ್ಮನ್ನ ಕರೀತಿದಾರೆ.”

“ನನ್ನಲ್ಲ,” ಎಂದ ಅವನು ಕೆಳದನಿಯಲ್ಲಿ. “ಅವ್ವ ದಿನಾ ಮೈಕಿಗೆ ಉತ್ತರ ಕೊಡ್ತದೆ. ಕೂಗು ಕೇಳಿದ್ ಮ್ಯಾಲೇ ತಟ್ಟೆ ಮುಂದೆ ಕೂರೋದು.”

ಆಮೇಲೆ ಬಸ್ಸು ಪಂಕ್ಚರಾಗದಿದ್ದರೂ ಸಂಹಿತಾ ಅಲ್ಲಿ ಇಳಿಯತೊಡಗಿದಳು. ಕೊಣನೂರಿನ ಕಾಲೇಜಿನಲ್ಲಿ ಪಾಠ ಮಾಡಿ ಹೊಳೆನರಸೀಪುರಕ್ಕೆ ಹೋಗುವವಳು, ಮುಂದಿನ ಬಸ್ಸು ಬರುವತನಕ ಬದುವಿನ ಮೇಲೆ ಕೂರುವಳು. ಒಂದು ಇಯರ್‌ಫೋನ್ ಅವಳ ಕಿವಿಗೆ, ಇನ್ನೊಂದು ಅವನ ಕಿವಿಗೆ. ವೈರು ಗಿಡ್ಡ. ಅದನ್ನು ಇಬ್ಬರೂ ದೂರಲಿಲ್ಲ.

“ಬೋರು ಕೊರೆದಂಗೈತೆ,” ಎಂದ ಮೊದಲ ಆಲ್ಬಮ್ಮಿಗೆ.

“ಕಾಯಿರಿ. ಕೊರೆದ ಮೇಲೆ ತಾನೇ ನೀರು?”

ಅವನು ಓರೆಯಾಗಿ ನೋಡಿದ. “ನಿಮ್ಗೆ ಬ್ಯಾರೆ ಯಾರೂ ಫ್ರೆಂಡ್ಸ್ ಇಲ್ವಾ?”

“ಇದ್ರು. ಈ ಹಾಡು ಕೇಳಿಸ್ದೆ, ಹೋದ್ರು.”

ಕೊನೆಯ ಟ್ರ್ಯಾಕಿನಲ್ಲಿ ಅಪ್ಪನ ದನಿ ಬಂದಾಗ ಅವನ ನಗು ನಿಂತಿತು. ಮೈಕು ತರುವ ಮೊದಲು ಅಪ್ಪ ತಾನೇ ಹೊಲದಲ್ಲಿ ಕೂಗುತ್ತಿದ್ದ ಕಾಲದ್ದು ಅದು. ಬ್ಯಾಂಡಿನ ಗಿಟಾರಿಸ್ಟ್ ನಟರಾಜು ಶಶಿಕಿರಣನ ಕಾಲೇಜು ಗೆಳೆಯ. ಒಂದು ಸಂಜೆ ಬಂದು ಹೊಲದ ಸದ್ದು ಬೇಕೆಂದು ಫೋನಿನಲ್ಲಿ ಹಿಡಿದುಕೊಂಡು ಹೋಗಿದ್ದನಂತೆ. ಶಶಿಕಿರಣ್ ಆ ಆಲ್ಬಮ್ ಕೇಳಿಯೇ ಇರಲಿಲ್ಲ. ಇಯರ್‌ಫೋನ್ ತೆಗೆದು ಅವಳ ಅಂಗೈಯಲ್ಲಿಟ್ಟ. ಅವನ ಬೆರಳು ತಣ್ಣಗಿದ್ದವು.

ತಪ್ಪು ಆದದ್ದು ಅದರ ಮರುವಾರ. ಮೈಕಿನ ದನಿಯನ್ನು ಫೋನಿಗೆ ಇಳಿಸಿಕೊಳ್ಳುವ ಆಸೆ ಸಂಹಿತಾಗೆ. ಅವನು ನೀರು ತಿರುಗಿಸಲು ಅತ್ತ ಹೋಗಿದ್ದ. ವಾಲ್ಯೂಮು ಹೆಚ್ಚಿಸಲು ಕತ್ತಲಲ್ಲಿ ತಡಕಾಡಿದಳು. ಕೆಂಪು ಬಟನ್ ಒಳಗೆ ಹೋಯಿತು. ಸಣ್ಣ ದೀಪ ಹತ್ತಿತು.

“ಅಯ್ಯೋ, ಇದ್ಯಾವ ಬಟನ್ನು!”

ದೀಪ ಆರಿತು. ಒಂದು ಗಳಿಗೆ ಹೊಲವೆಲ್ಲ ನಿಶ್ಶಬ್ದ. ಆಮೇಲೆ ಮೈಕು ಇಡೀ ಜೋಳಕ್ಕೆ ಕೇಳುವಂತೆ, ಅವಳದೇ ದನಿಯಲ್ಲಿ ಹೇಳಿತು: “ಅಯ್ಯೋ, ಇದ್ಯಾವ ಬಟನ್ನು!” ಮತ್ತೆ ಹೇಳಿತು. ಮತ್ತೆ.

ತಿಮ್ಮಪ್ಪನ ಕೂಗು ಅಳಿಸಿಹೋಗಿತ್ತು. ಮನೆಯಿಂದ ಕರೆ ಬರಲಿಲ್ಲ.

ಶಶಿಕಿರಣ್ ಓಡಿಬಂದ. ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೈಕು ಆರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ತಾನೇ ಕೂಗಿದ: “ಓ… ಓಯ್! ಯಾವನ್ಲಾ ಅದು? ಬಂದೆ, ಇರು!” ಅದೇ ಗಂಟಲು.

ಜಗಲಿಯ ಮೇಲೆ ಅವನ ಅವ್ವ ಬೆಟ್ಟಮ್ಮನ ನೆರಳು ಎದ್ದು ನಿಂತಿತು.

“ನೀನು ಬಾ ಕಿರಣ. ಅವರ್ಯಾಕ್ಲಾ ಇವತ್ತು ಕೂಗ್ನಿಲ್ಲ?”

ಬೆಟ್ಟಮ್ಮ ಅಂದು ಉಣ್ಣಲಿಲ್ಲ. ಬೆಳಿಗ್ಗೆಯೂ ಉಣ್ಣಲಿಲ್ಲ. ಮಗ ಫೋನಿನಲ್ಲಿ ಅಷ್ಟು ಹೇಳಿ ಇಟ್ಟ.

ಸಂಹಿತಾ ಕಾಲೇಜಿಗೆ ರಜೆ ಹಾಕಿ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ನಟರಾಜು ಈಗ ಅಲ್ಲಿ ಮಿಕ್ಸಿ, ಫ್ಯಾನು ಮಾರುತ್ತಿದ್ದ.

“ಇನ್ನೂ ನಮ್ ಬ್ಯಾಂಡ್ ಕೇಳೋರು ಅವ್ರಾ?” ಎಂದು ಬೆರಗಾದ.

“ನಾನಿದೀನಲ್ಲ. ಆಲ್ಬಮ್ಮಲ್ಲಿ ಕೂಗಿನ ಮೇಲೆ ಗಿಟಾರ್ ಕೂತಿದೆ. ಬರೀ ಕೂಗು ಬೇಕು.”

ಅವನು ಹಳೆಯ ಹಾರ್ಡ್‌ಡಿಸ್ಕಿನ ಧೂಳು ಊದಿ, ಹುಡುಕಿ, ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅಂಗಡಿಯ ಗದ್ದಲದಲ್ಲೇ ಅವಳು ಅದನ್ನು ಪೂರ್ತಿ ಕೇಳಿದಳು. ಕೂಗು, ಕೆಮ್ಮು, ಬರೀ ಜೀರುಂಡೆಯ ಸದ್ದಿನ ಒಂದು ಖಾಲಿ ಜಾಗ. ಆಮೇಲೆ, ಆಲ್ಬಮ್ಮಿನಲ್ಲಿ ಕತ್ತರಿಸಿ ಬಿಟ್ಟಿದ್ದ ಒಂದು ಮಾತು. ಕೇಳುತ್ತಾ ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಸಂಜೆ ಶಶಿಕಿರಣ್ ಅರಕಲಗೂಡಿನಿಂದ ಪೆನ್‌ಡ್ರೈವ್ ಹಾಕುವ ಹೊಸ ಮೈಕು ತಂದು ಅದೇ ಗೂಟಕ್ಕೆ ಕಟ್ಟಿದ. ಇಬ್ಬರೂ ಜಗಲಿಯ ಪಕ್ಕ ನಿಂತರು. ಬೆಟ್ಟಮ್ಮ ಕಂಬಕ್ಕೆ ಒರಗಿ ಹೊಲದತ್ತ ನೋಡುತ್ತಿದ್ದಳು.

“ಓ… ಓಯ್! ಯಾವನ್ಲಾ ಅದು? ಬಂದೆ, ಇರು!” ಕೆಮ್ಮು.

ಬೆಟ್ಟಮ್ಮನ ಕುತ್ತಿಗೆ ನೇರವಾಯಿತು. “ಸಾಕು ಬನ್ನಿ, ಉಣ್ಣಾಕೆ!”

ಜೀರುಂಡೆಗಳು. ಆಮೇಲೆ ಕತ್ತಲ ಹೊಲ ಮೆಲ್ಲಗೆ, ಮನೆಮಂದಿಗೆ ಮಾತ್ರ ಆಡುವ ದನಿಯಲ್ಲಿ ಉತ್ತರಿಸಿತು:

“ಬತ್ತೀನಿ ಕಣೆ. ಕಾಯ್ಬ್ಯಾಡ, ನೀನು ಉಣ್ಣು.”

ಶಶಿಕಿರಣ್ ಸಂಹಿತಾಳ ಮೊಣಕೈ ಹಿಡಿದುಕೊಂಡ. ಬೆಟ್ಟಮ್ಮ ಬೆಚ್ಚಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

“ಇಷ್ಟು ದಿನ ಬರೀ ಹಂದಿ ಜೊತೆಲೇ ಮಾತಾಡ್ತಿದ್ರು. ಇವತ್ತು ನನ್ ಜೊತೆ ಆಡುದ್ರು.” ಒಳಗೆ ನಡೆದಳು. “ಬಾ ಮಗ, ನೀನೂ ಕೂತ್ಕೊ. ಐನೋರ ಮನೆ ಕೂಸು, ಮುದ್ದೆ ನುಂಗಾಕೆ ಬತ್ತದಾ?”

“ಕಲೀತೀನಮ್ಮ.”

“ಅಗೀಬ್ಯಾಡ ಅಷ್ಟೆ,” ಎಂದು ಬೆಟ್ಟಮ್ಮ ತನ್ನ ತಟ್ಟೆ ಎಳೆದುಕೊಂಡಳು.

ಕೊನೆಯ ಬಸ್ಸಿಗೆಂದು ಅವನು ಅವಳನ್ನು ರಸ್ತೆಯ ತನಕ ಬಿಡಲು ಬಂದ. ಹೊಲದ ತುದಿಯಲ್ಲಿ ಯಾರೋ ಹೆಣ್ಣು ಮಾತಾಡಿದಂತಾಯಿತು.

“ಅಯ್ಯೋ, ಇದ್ಯಾವ ಬಟನ್ನು!”

ಸಂಹಿತಾ ಥಟ್ಟನೆ ನಿಂತಳು. “ಅದನ್ನ ಇನ್ನೂ ಅಳಿಸಿಲ್ವಾ?”

“ಹಳೇ ಮೈಕ್ನ ಈ ಮೂಲೆಗೆ ಕಟ್ದೆ.”

“ಹಂದಿ ಹೆದರ್ತವಾ?”

“ಹಂದಿ ಓಡೋಯ್ತವೆ.” ಅವನು ಟಾರ್ಚ್ ಆರಿಸಿದ. ಬಹುಶಃ ಮುಖ ಕಾಣಬಾರದೆಂದು. “ನಾನು ಮಾತ್ರ ಬೆಳಗ್ಗಿಂದ ಸುತ್ತಿ ಸುತ್ತಿ ಇಲ್ಲಿಗೇ ಬತ್ತಾ ಇವ್ನಿ. ಆರಿಸಾಕೆ ಮನಸ್ ಬರ್ನಿಲ್ಲ. ನೀವು ಬರ್ದಿದ್ರೆ ಈ ವಾಯ್ಸಾದ್ರೂ ಇರ್ಲಿ ಅಂತ ಬಿಟ್ಟಿದೀನಿ.”

ದೂರದಲ್ಲಿ ಬಸ್ಸಿನ ಬೆಳಕು ಕಂಡಿತು. ಅಡ್ಡ ಹಿಡಿಯಬೇಕಿದ್ದ ಅವಳ ಕೈ ಅವನ ಕೈಯನ್ನು ಹುಡುಕಿಕೊಂಡಿತು. ಈ ಸಲ ಅವನ ಬೆರಳು ಬಿಸಿಯಾಗಿದ್ದವು.

ಆಗಲೇ ಹೊಲದ ನಡುವಿನಿಂದ ದನಿ ಎದ್ದಿತು.

“ಓ… ಓಯ್! ಯಾವನ್ಲಾ ಅದು?”

ಇಬ್ಬರೂ ಬೆಚ್ಚಿ ಕೈ ಬಿಟ್ಟರು. ಗಾಳಿ ಇರಲಿಲ್ಲ. ಆದರೂ ಗದ್ದಿಗೆಯ ಪಕ್ಕದ ಸಾಲು ಮಾತ್ರ, ಯಾರೋ ನಡೆದು ಬಂದಂತೆ, ಒಂದೊಂದೇ ಗಿಡವಾಗಿ ಅಲುಗುತ್ತಾ ಬಂದು ಬದುವಿನ ಹತ್ತಿರ ನಿಂತಿತು.

ಸಂಹಿತಾ ಉಸಿರು ಎಳೆದುಕೊಂಡಳು. ಮತ್ತೆ ಅವನ ಕೈ ಹಿಡಿದಳು. ಕತ್ತಲಿನತ್ತ ತಿರುಗಿ, ಅಂಜುತ್ತಲೇ, ಕೇಳಿಸುವ ಹಾಗೆ ಹೇಳಿದಳು:

“ನಾನು ಮಾವ, ಸಂಹಿತಾ.”

ಜೋಳ ಅಲುಗುವುದು ನಿಂತಿತು.